ಹಾಡಿನ ದುಡ್ಡು ಯಾರಿಗೆ ಸೇರಬೇಕು? ನಮ್ಮ ಕಡೆಯ ಕಲಾವಿದರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ತಬಲಾ ನುಡಿಸುತ್ತೇನೆ. ಮನೆಯ ಮೇಲಿನ ಕೋಣೆಯಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಧಾರವಾಡದ ಶಾಸ್ತ್ರೀಯ ಗಾಯಕರು, ಗದಗದ ವಚನ ಹಾಡುವವರು, ಹಾವೇರಿ ಕಡೆಯ ಭಜನಾ ಮೇಳದವರು, ಡಿಜೆ ಹಾಡು ಮಾಡುವ ಹುಡುಗರು, ಎಲ್ಲರೂ ಬರುತ್ತಾರೆ. ರೆಕಾರ್ಡಿಂಗ್ ಮುಗಿಸಿ ಚಹಾ ಕುಡಿಯುವಾಗ ಮಾತು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತದೆ: "ಇದರಿಂದ ನಮಗೇನು ಬರತೈತ್ರಿ?" ಅದೇ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ವಕೀಲನಲ್ಲ. ದೊಡ್ಡ ಮೊತ್ತದ ಕರಾರು ಇದ್ದರೆ ವಕೀಲರಿಗೆ ತೋರಿಸಿಯೇ ಸಹಿ ಹಾಕಿ.

"ಹಾಡಿಗೆ ಒಂದೇ ಸಲ 5,000 ಕೊಡ್ತೀವಿ, ಆಮೇಲೆ ಏನೂ ಕೇಳಬಾರದು" ಅಂತಾರೆ. ಒಪ್ಪಿಕೊಳ್ಳಲೇ?

ಒಪ್ಪಿಕೊಳ್ಳಬೇಡಿ.

ಹೊಲ ಇದ್ದವರಿಗೆ ಮೂರು ದಾರಿ ಗೊತ್ತು. ಹೊಲ ಮಾರಬಹುದು. ಲಾವಣಿಗೆ ಹಾಕಬಹುದು, ವರ್ಷಕ್ಕೆ ಇಷ್ಟು ಅಂತ. ಪಾಲಿಗೆ ಕೊಡಬಹುದು, ಬೆಳೆದದ್ದರಲ್ಲಿ ಇಬ್ಬರಿಗೂ ಅರ್ಧರ್ಧ. ಹಾಡಿಗೂ ಇವೇ ಮೂರು ದಾರಿ. "ಒಂದೇ ಸಲ 5,000" ಅಂದರೆ ಅದು ಮಾರಾಟ. ಒಂದು ವರ್ಷದ ಲಾವಣಿ ದುಡ್ಡಿಗೆ ಯಾರಾದರೂ ಹೊಲವನ್ನೇ ಖರೀದಿ ಬರೆದುಕೊಡುತ್ತಾರಾ? ಹಾಡಿನ ವಿಷಯಕ್ಕೆ ಬಂದರೆ ನಾವು ಅದನ್ನೇ ಮಾಡುತ್ತಿದ್ದೇವೆ.

ಸ್ಟುಡಿಯೋಕ್ಕೆ ಬಂದು ಹಾಡಿದ್ದಕ್ಕೆ, ನುಡಿಸಿದ್ದಕ್ಕೆ ಕೊಡುವುದು ಆ ದಿನದ ಪಗಾರ. ಹಾಡು ಮುಂದೆ ದುಡಿಯುವಾಗ ಬರಬೇಕಾದದ್ದು ಪಾಲು. ಪಗಾರ ಬೇರೆ, ಪಾಲು ಬೇರೆ. ಎರಡನ್ನೂ ಕೇಳಿ.

ಕಾನೂನೂ ನಿಮ್ಮ ಕಡೆಗಿದೆ. ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದ್ದು. 2012ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಅದರ ಪ್ರಕಾರ ಹಾಡು ಬರೆದವರು ಮತ್ತು ಧಾಟಿ ಕಟ್ಟಿದವರು ತಮ್ಮ ರಾಯಧನದ (ರಾಯಲ್ಟಿ) ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಬರುವುದಿಲ್ಲ. ಹಕ್ಕು ಪಡೆದ ಕಂಪನಿ ಅವರಿಗೆ ಸಮಪಾಲು ಕೊಡಲೇಬೇಕು. "ನನಗೆ ಪಾಲು ಬೇಡ" ಎಂದು ಬರೆಸಿಕೊಂಡರೂ ಆ ಮಾತು ನಿಲ್ಲುವುದಿಲ್ಲ. ಆ ಹಕ್ಕು ಹೋದರೆ ವಾರಸುದಾರರಿಗೆ ಹೋಗಬೇಕು, ಇಲ್ಲವೇ ರಾಯಧನ ವಸೂಲಿ ಮಾಡುವ ಸಂಘಕ್ಕೆ.

ಒಂದೇ ಹಾಡಿನಲ್ಲಿ ಯಾರ್ಯಾರಿಗೆ ಹಕ್ಕು ಇರುತ್ತದೆ?

ನಾಲ್ಕು ಜನರಿಗೆ. ಸಾಹಿತ್ಯ ಬರೆದವರು, ಧಾಟಿ ಕಟ್ಟಿದವರು, ಹಾಡಿದವರು ಮತ್ತು ನುಡಿಸಿದವರು, ಕೊನೆಗೆ ರೆಕಾರ್ಡಿಂಗ್ ಮಾಡಿಸಿದವರು. ನಾಲ್ಕೂ ಒಬ್ಬರೇ ಆಗಿರಬಹುದು. ನಮ್ಮ ಕಡೆಯ ಹುಡುಗರು ಎಷ್ಟೋ ಮಂದಿ ಹಾಗೇ ಇದ್ದಾರೆ, ತಾವೇ ಬರೆದು ತಾವೇ ಹಾಡುತ್ತಾರೆ.

ಇಲ್ಲಿ ಜಾಸ್ತಿ ಜನ ಎಡವುವುದು ನಾಲ್ಕನೆಯದರಲ್ಲಿ. ರೆಕಾರ್ಡಿಂಗ್‌ನ ಮಾಲೀಕ ಅಂದರೆ ಅದನ್ನು ಮಾಡಿಸುವ ಹೊಣೆ ಹೊತ್ತವರು. ಸ್ಟುಡಿಯೋ ಬಾಡಿಗೆ, ಕೀಬೋರ್ಡ್‌ನವರ ದುಡ್ಡು, ಮಿಕ್ಸಿಂಗ್, ಎಲ್ಲವನ್ನೂ ಯೂಟ್ಯೂಬ್ ಚಾನೆಲ್‌ನವರೇ ಮಾಡಿಸಿದರೆ ರೆಕಾರ್ಡಿಂಗ್ ಅವರದಾಗುತ್ತದೆ. ಸಾಹಿತ್ಯ, ಧಾಟಿ ಮಾತ್ರ ಆಗಲೂ ನಿಮ್ಮವೇ. ಅವನ್ನು ವರ್ಗಾಯಿಸಬೇಕಾದರೆ ಕಾಗದದ ಮೇಲೆ ನಿಮ್ಮ ಸಹಿ ಬೇಕು. ಬಾಯಿಮಾತಿನ ವರ್ಗಾವಣೆ ಕಾನೂನಿನಲ್ಲಿ ನಡೆಯುವುದಿಲ್ಲ.

ನಾನು ಬರೀ ತಬಲಾ ನುಡಿಸಿದ್ದು. ನನಗೂ ಪಾಲು ಇದೆಯಾ?

ಈ ಪ್ರಶ್ನೆ ನನ್ನದೂ ಹೌದು.

2004ರ ಸುಮಾರಿಗೆ ಒಂದು ಭಕ್ತಿಗೀತೆ ಕ್ಯಾಸೆಟ್‌ಗೆ ನುಡಿಸಿದ್ದೆ. ಎಂಟು ಹಾಡು, ಬೆಳಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ, ಕೈಗೆ 1,200 ರೂಪಾಯಿ. ಎಡಗೈ ಮುಂಗೈ ಬಾತುಕೊಂಡು ಮರುದಿನ ಊಟದ ತಟ್ಟೆ ಹಿಡಿಯಲು ಆಗಿರಲಿಲ್ಲ. ಹೋದ ವರ್ಷ ಹುಬ್ಬಳ್ಳಿಯಿಂದ ಗದಗಕ್ಕೆ ಬಸ್ಸಿನಲ್ಲಿ ಹೋಗುವಾಗ ಮುಂದಿನ ಸೀಟಿನ ಹಿರಿಯರೊಬ್ಬರ ಮೊಬೈಲಿನಲ್ಲಿ ಅದೇ ಹಾಡು ಬಂತು. ಎರಡನೇ ಚರಣಕ್ಕೆ ಮುಂಚೆ ಬರುವ ತಿಹಾಯಿ, ಅಂದರೆ ಮೂರು ಸಲ ನುಡಿಸಿ ಮುಗಿಸುವ ತಬಲಾ ತುಣುಕು, ನನ್ನದೇ, ಅನುಮಾನವಿಲ್ಲ. ಅಣ್ಣಿಗೇರಿ ದಾಟುವವರೆಗೂ ಅವರು ಅದನ್ನೇ ಮೂರು ಸಲ ಕೇಳಿದರು. ಇಳಿದ ಮೇಲೆ ಹುಡುಕಿ ನೋಡಿದೆ. ಹಾಡಿನ ಕೆಳಗೆ ಹಾಡಿದವರ ಹೆಸರು, ಕಂಪನಿಯ ಹೆಸರು ಇದ್ದವು. ನುಡಿಸಿದ ಆರು ಜನರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಅವರಲ್ಲಿ ಇಬ್ಬರು ಈಗ ಬದುಕಿಲ್ಲ.

ಕಾನೂನಿನಲ್ಲಿ "ಪ್ರದರ್ಶಕ" ಎಂಬ ಮಾತಿನ ಅರ್ಥ ದೊಡ್ಡದು. ಗಾಯಕ, ವಾದ್ಯಗಾರ, ನಟ, ನರ್ತಕ ಮಾತ್ರವಲ್ಲ, ದೊಂಬರಾಟದವರು, ಹಾವಾಡಿಗರು ಕೂಡ ಅದರಲ್ಲಿ ಬರುತ್ತಾರೆ. ತಬಲಾದವರು, ಹಾರ್ಮೋನಿಯಂನವರು, ಡೊಳ್ಳಿನವರು ಬಾರದೇ ಇರುತ್ತಾರಾ? ಪ್ರದರ್ಶನ ನಡೆದ ವರ್ಷ ಮುಗಿದ ಮೇಲೆ 50 ವರ್ಷ ಈ ಹಕ್ಕು ಇರುತ್ತದೆ. ಆದರೆ ಸಿನಿಮಾಕ್ಕೆ ಒಂದು ಷರತ್ತು ಇದೆ. ಅಲ್ಪಸ್ವಲ್ಪ ಕೆಲಸ ಮಾಡಿ, ಹೆಸರು ಎಲ್ಲೂ ಹಾಕುವ ರೂಢಿ ಇಲ್ಲದವರನ್ನು ಪ್ರದರ್ಶಕ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಹೆಸರು ಹೋದರೆ ಹಕ್ಕೂ ಹೋಯಿತು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಹೊಲಕ್ಕೆ ಉತಾರ (ಪಹಣಿ) ಇದ್ದಂತೆ ಹಾಡಿಗೂ ಉತಾರ ಬೇಕು. ಉತಾರದಲ್ಲಿ ಹೆಸರಿಲ್ಲದ ರೈತನಿಗೆ ಬೆಳೆ ಪರಿಹಾರ ಬರುವುದಿಲ್ಲ, ಅಲ್ವಾ? ಹಾಗೇ ಇದು. ಮೈಕ್ ಮುಂದೆ ಕೂರುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಹಾಡಿನ ಹೆಸರು, ತಾರೀಖು, ಯಾರು ಬರೆದರು, ಯಾರು ಧಾಟಿ ಕಟ್ಟಿದರು, ಯಾರು ಏನು ನುಡಿಸಿದರು, ಯಾರಿಗೆ ಎಷ್ಟು ಪಾಲು. ಎಲ್ಲರೂ ಸಹಿ ಮಾಡಿ, ಎಲ್ಲರೂ ಫೋಟೋ ತೆಗೆದುಕೊಳ್ಳಿ. ರೆಕಾರ್ಡಿಂಗ್ ಮುಗಿದ ಮೇಲೆ ಬರೆಯೋಣ ಅಂದರೆ ಆಗುವುದಿಲ್ಲ. ಹಾಡು ಓಡಿದ ಮೇಲಂತೂ ಆಗುವುದೇ ಇಲ್ಲ.

ನನ್ನ ಸ್ಟುಡಿಯೋದಲ್ಲಿ ಈಗ ಈ ಹಾಳೆ ಬರೆಯದೆ ಮೈಕ್ ಆನ್ ಮಾಡುವುದಿಲ್ಲ.

ಕ್ಯಾಸೆಟ್ ಕಾಲದಲ್ಲೇ ಸಹಿ ಮಾಡಿಬಿಟ್ಟಿದ್ದೇನೆ. ಈಗ ಏನೂ ಮಾಡಲು ಬರುವುದಿಲ್ಲವೇ?

ಮೊದಲು ಆ ಕಾಗದ ಹುಡುಕಿ. ಅದು 1995ರ ಮೇ ನಂತರದ್ದಾಗಿದ್ದು, ಎಷ್ಟು ವರ್ಷಕ್ಕೆ ಎಂದು ಬರೆದಿಲ್ಲದಿದ್ದರೆ ಐದು ವರ್ಷಕ್ಕೆ ಮಾತ್ರ ಎಂದು ಕಾನೂನು ಹಿಡಿಯುತ್ತದೆ. ಅಂಥ ಕಾಗದದಲ್ಲಿ ಯಾವ ಪ್ರದೇಶಕ್ಕೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. "ಕ್ಯಾಸೆಟ್" ಎಂದಷ್ಟೇ ಬರೆದಿದ್ದರೆ ಇಂಟರ್ನೆಟ್‌ನಲ್ಲಿ ಹಾಕುವ ಹಕ್ಕನ್ನು ನೀವು ಕೊಟ್ಟಿದ್ದೀರಾ ಎಂಬ ಪ್ರಶ್ನೆ ಏಳುತ್ತದೆ. 2012ರ ತಿದ್ದುಪಡಿ ಇದನ್ನು ಸ್ಪಷ್ಟ ಮಾಡಿದೆ: ಕರಾರು ಆದಾಗ ಇಲ್ಲದಿದ್ದ ಮಾಧ್ಯಮಕ್ಕೆ ಆ ಕರಾರು ಅನ್ವಯಿಸುವುದಿಲ್ಲ, ಅದರ ಹೆಸರು ಹೇಳಿ ಬರೆದಿದ್ದರೆ ಮಾತ್ರ ಅನ್ವಯ. ತಿದ್ದುಪಡಿಗೂ ಹಿಂದಿನ ಕಾಗದವಾದರೆ ವಾದ ಸ್ವಲ್ಪ ಜಟಿಲ. ಅದಕ್ಕೆ ವಕೀಲರು ಬೇಕು.

ಕಾಗದವೇ ಇಲ್ಲ, ಬರೀ ಬಾಯಿಮಾತು ಅಂದರೆ ಸಾಹಿತ್ಯ ಬರೆದವರಿಗೆ, ಧಾಟಿ ಕಟ್ಟಿದವರಿಗೆ ಅದು ಒಳ್ಳೆಯದೇ. ಮಾರಿದ್ದಕ್ಕೆ ಪುರಾವೆ ತೋರಿಸಬೇಕಾದವರು ಕಂಪನಿಯವರು.

ಆ್ಯಪ್‌ನಲ್ಲಿ ಒಂದು ಸಲ ಹಾಡು ಕೇಳಿದರೆ ನಮಗೆ ಎಷ್ಟು ಬರುತ್ತದೆ?

"ಒಂದು ಸಲಕ್ಕೆ ಇಷ್ಟು ಪೈಸೆ" ಎಂಬ ದರಪಟ್ಟಿ ಇಲ್ಲ. ತಿಂಗಳಿಗೆ ಬಂದ ಚಂದಾ ಮತ್ತು ಜಾಹೀರಾತಿನ ದುಡ್ಡನ್ನೆಲ್ಲ ಒಂದು ರಾಶಿ ಮಾಡುತ್ತಾರೆ. ಆ್ಯಪ್ ತನ್ನ ಭಾಗ ತೆಗೆದುಕೊಳ್ಳುತ್ತದೆ. ಉಳಿದ ರಾಶಿಯನ್ನು ಆ ತಿಂಗಳು ಯಾರ ಹಾಡು ಎಷ್ಟು ಸಲ ಓಡಿತು ಎಂಬ ಲೆಕ್ಕದಲ್ಲಿ ಹಂಚುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಲೆಕ್ಕ ಹಾಕಿ ನೋಡಿ.

ಗದಗದಲ್ಲಿ ಒಬ್ಬ ತಾಯಿ ತಿಂಗಳಿಗೆ 100 ರೂಪಾಯಿ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಅವರು ಕೇಳುವುದು ಒಬ್ಬರೇ ವಚನ ಗಾಯಕಿಯನ್ನು, ತಿಂಗಳಿಗೆ 50 ಸಲ. ಇನ್ನೊಂದು ಊರಿನ ಹುಡುಗನೂ 100 ಕೊಡುತ್ತಾನೆ. ಅವನ ಕಿವಿಯಲ್ಲಿ ಇಡೀ ದಿನ ಸಿನಿಮಾ ಹಾಡು, ತಿಂಗಳಿಗೆ 950 ಸಲ. ರಾಶಿ 200 ರೂಪಾಯಿ, ಒಟ್ಟು 1,000 ಸಲ, ಅಂದರೆ ಸಲಕ್ಕೆ 20 ಪೈಸೆ. ಆ್ಯಪ್‌ನ ಭಾಗವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ವಚನ ಗಾಯಕಿಗೆ ಸೇರುವುದು 10 ರೂಪಾಯಿ. ಆ ತಾಯಿ ಕೊಟ್ಟದ್ದು 100, ಬೇರೆ ಯಾರನ್ನೂ ಅವರು ಕೇಳಿಲ್ಲ. ಉಳಿದ 90 ಅವರು ಹೆಸರೇ ಕೇಳದ ಕಡೆ ಹೋಯಿತು.

ಇದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೇಳುಗ ಕೊಟ್ಟ ದುಡ್ಡು ಆ ಕೇಳುಗ ಕೇಳಿದವರಿಗೇ ಹೋಗಬೇಕು. ಇದು ಆಗದ ಕೆಲಸವೇನೂ ಅಲ್ಲ. ಸೌಂಡ್‌ಕ್ಲೌಡ್ ಎಂಬ ಸಂಸ್ಥೆ 2021ರಲ್ಲೇ ಸ್ವತಂತ್ರ ಕಲಾವಿದರಿಗೆ ಹೀಗೆ ಹಂಚಲು ಶುರು ಮಾಡಿತು. ಹಾಗೆ ಹಂಚಿದರೆ ನಮ್ಮಂಥ ಪ್ರದೇಶಗಳ ಕಲಾವಿದರಿಗೆ ಹೆಚ್ಚು ಅನುಕೂಲ. ನಮಗೆ ಕೇಳುಗರು ಕಡಿಮೆ, ಆದರೆ ಇದ್ದವರು ಬಿಡದೆ ಕೇಳುವವರು.

ಇನ್ನೊಂದು ವಿಷಯ ಹೊಸ ಹುಡುಗರಿಗೆ: ಸ್ಪಾಟಿಫೈನಲ್ಲಿ 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಸಲ ಓಡದ ರೆಕಾರ್ಡಿಂಗ್‌ಗೆ ದುಡ್ಡೇ ಇಲ್ಲ.

ನಾನು ಖಯಾಲ್ ಹಾಡುವವಳು. ಒಂದು ರಾಗಕ್ಕೆ ನಲವತ್ತು ನಿಮಿಷ. ನನಗೂ ಮೂರು ನಿಮಿಷದ ಹಾಡಿಗೂ ಒಂದೇ ಲೆಕ್ಕವೇ?

ಸ್ಪಾಟಿಫೈನಂಥ ಕಡೆ ಹೌದು, ಒಂದೇ. 30 ಸೆಕೆಂಡ್ ಕೇಳಿದರೆ ಒಂದು ಸಲ ಎಂದು ಲೆಕ್ಕ. ನಿಧಾನಗತಿಯ ವಿಲಂಬಿತದಲ್ಲಿ 30 ಸೆಕೆಂಡಿಗೆ ಆಲಾಪದ ಷಡ್ಜ ಕೂಡ ಸರಿಯಾಗಿ ನಿಂತಿರುವುದಿಲ್ಲ. ಆ ನಲವತ್ತು ನಿಮಿಷದಲ್ಲಿ ಕೇಳುಗ ಮೂರು ನಿಮಿಷದ ಸಿನಿಮಾ ಹಾಡು ಕೇಳಿದ್ದರೆ ಹದಿಮೂರು ಲೆಕ್ಕ ಆಗುತ್ತಿತ್ತು.

ನಮ್ಮ ಹಿರಿಯರಿಗೂ ಇಂಥ ಕಷ್ಟ ಇತ್ತು. ಗಂಗೂಬಾಯಿ ಹಾನಗಲ್ಲರ ಮೊದಲ ಗ್ರಾಮೊಫೋನ್ ಪ್ಲೇಟುಗಳು 1930ರ ದಶಕದಲ್ಲಿ "ಗಾಂಧಾರಿ ಹುಬ್ಳಿ" ಎಂಬ ಹೆಸರಿನಲ್ಲಿ ಬಂದವು. ಪ್ಲೇಟಿನ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲೇ ರಾಗ ಹೇಳಿ ಮುಗಿಸಬೇಕು. ಆಗ ಪ್ಲೇಟಿನ ಮೇಲೆ ಜಾಗ ಇರಲಿಲ್ಲ. ಈಗ ಜಾಗಕ್ಕೆ ಬರವಿಲ್ಲ, ದುಡ್ಡಿನ ಲೆಕ್ಕವೇ ರಾಗವನ್ನು ಮತ್ತೆ ಮೂರು ನಿಮಿಷಕ್ಕೆ ತಳ್ಳುತ್ತಿದೆ. ಕುಂದಗೋಳದ ವಾಡೆಯ ಸಂಗೀತೋತ್ಸವದಲ್ಲಿ ರಾತ್ರಿಯಿಡೀ ಕೂತು ಕೇಳುವ ಜನ ಇರುವ ನಾಡು ಇದು. ಕೇಳಿದ ಹೊತ್ತಿಗೆ ತಕ್ಕಂತೆ ದುಡ್ಡು ಹಂಚಬೇಕು. ಈ ಬೇಡಿಕೆಯನ್ನು ಶಾಸ್ತ್ರೀಯ ಸಂಗೀತದವರು ಒಟ್ಟಾಗಿ ಎತ್ತಬೇಕಿದೆ.

ಸದ್ಯಕ್ಕೆ ಒಂದು ಸಲಹೆ. ವಿಲಂಬಿತ, ವೇಗದ ದ್ರುತ ಬೇರೆ ಬೇರೆ ಹಾಕಿ. ಕೊನೆಯ ದಾಸರ ಪದವನ್ನೋ ವಚನವನ್ನೋ ಇನ್ನೊಂದಾಗಿ ಹಾಕಿ. ರಾಗವನ್ನು ತುಂಡು ಮಾಡಬೇಡಿ.

ಈಗಲೂ ಡೌನ್‌ಲೋಡ್ ಮಾರಲು ಬರುತ್ತದೆಯೇ? ಯಾರು ಕೊಳ್ಳುತ್ತಾರೆ?

ಕಡಿಮೆ ಜನ. ಫ್ಲಿಪ್‌ಕಾರ್ಟ್‌ನವರು 2012ರಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆದರು. ಹಾಡಿಗೆ ಕೆಲವೇ ರೂಪಾಯಿ. ಮರುವರ್ಷವೇ ಮುಚ್ಚಿದರು. ಆ ಹೊತ್ತಿಗೆ ಹುಬ್ಬಳ್ಳಿಯ ಪೇಟೆಯಲ್ಲಿ ಮೆಮರಿ ಕಾರ್ಡ್ ಕೊಟ್ಟರೆ ಹತ್ತಿಪ್ಪತ್ತು ರೂಪಾಯಿಗೆ ಕಾರ್ಡ್ ತುಂಬ ಹಾಡು ಹಾಕಿಕೊಡುತ್ತಿದ್ದರು. "ಹೊಸಾವು ಹಾಕ್ರಿ, ಜಾನಪದ ಜಾಸ್ತಿ ಹಾಕ್ರಿ" ಎನ್ನುತ್ತ ಜನ ಸಾಲಾಗಿ ನಿಲ್ಲುತ್ತಿದ್ದರು. ಜನ ದುಡ್ಡು ಕೊಡುತ್ತಲೇ ಇದ್ದರು ಎಂಬುದನ್ನು ಗಮನಿಸಿ. ಅದು ಹಾಡಿದವರಿಗೆ ಮುಟ್ಟುವ ದಾರಿ ಮಾತ್ರ ಇರಲಿಲ್ಲ.

ಈಗ ಆ ದಾರಿ ಇದೆ. ಹಾಡು ಮಾರುವ ಬ್ಯಾಂಡ್‌ಕ್ಯಾಂಪ್‌ನಂಥ ಸೈಟಿನಲ್ಲಿ ಬೆಲೆ ನೀವೇ ಇಡಬಹುದು. ಡಿಜಿಟಲ್ ಮಾರಾಟದಲ್ಲಿ ಅವರು ಸಾಮಾನ್ಯವಾಗಿ ನೂರಕ್ಕೆ 15 ಇಟ್ಟುಕೊಳ್ಳುತ್ತಾರೆ. ಇನ್ನೂ ಸರಳ ದಾರಿ ಬೇಕಾದರೆ ವಾಟ್ಸಾಪ್‌ನಲ್ಲಿ ಹಾಡು ಕಳಿಸಿ, ಯುಪಿಐನಲ್ಲಿ ದುಡ್ಡು ಪಡೆಯಿರಿ. ರಾಣೆಬೆನ್ನೂರು ಕಡೆಯ ಭಜನಾ ಮೇಳದವರೊಬ್ಬರು ಜಾತ್ರೆಯಲ್ಲಿ ಹಾಡಿದ ಮೇಲೆ ಹೀಗೇ ಮಾಡುತ್ತಾರೆ.

ಫ್ರೀ ಡೌನ್‌ಲೋಡ್ ಮಾಡಿ ಕೇಳುವವರು ಕಳ್ಳರೇ?

ಹಾಗೆ ಅನ್ನಲು ನನಗೆ ಮನಸ್ಸಿಲ್ಲ. ಕಂಡವರ ಹಾಡನ್ನು ಸೈಟಿಗೆ ಏರಿಸಿ ಜಾಹೀರಾತಿನ ದುಡ್ಡು ಮಾಡುವವರದು ಕಳ್ಳತನವೇ. ಆದರೆ ಕೇಳುಗ ಬೇರೆ. ನಮ್ಮ ಜನ ಸುಮ್ನೆ ಕೇಳಿ ಎದ್ದು ಹೋಗುವವರಲ್ಲ. ದೊಡ್ಡಾಟದಲ್ಲಿ, ಕಂಪನಿ ನಾಟಕದಲ್ಲಿ ಆಯೇರಿ ಮಾಡುವುದನ್ನು ನೋಡಿದ್ದೀರಲ್ಲ. ಪದ ಚೆನ್ನಾಗಿ ಬಂತೆಂದರೆ ನಡುವೆಯೇ ಎದ್ದು ಬಂದು ಐವತ್ತೊಂದೋ ನೂರಾ ಒಂದೋ ಕೊಡುತ್ತಾರೆ. ಮೈಕಿನಲ್ಲಿ ಅವರ ಹೆಸರು ಕೂಗುತ್ತಾರೆ. ಯಾರೂ ಕೇಳದೆ ಕೊಡುವ ದುಡ್ಡು ಅದು.

ನಿಮ್ಮ ಹಾಡಿನ ಕೆಳಗೆ ಕ್ಯೂಆರ್ ಕೋಡ್ ಹಾಕಿ. "ಪದ ಹಿಡಿಸಿದರೆ ಆಯೇರಿ ಮಾಡಿ" ಎಂದು ನಾಚಿಕೆ ಇಲ್ಲದೆ ಬರೆಯಿರಿ. ಹತ್ತು ರೂಪಾಯಿ ಕೊಟ್ಟವರ ಹೆಸರನ್ನೂ ಮುಂದಿನ ವಿಡಿಯೋದಲ್ಲಿ ಓದಿ.

ಕೇಳುಗರಿಗೂ ಒಂದು ಮಾತು. ಹೊಲದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಹೊರಗಿನ ಸೈಟಿನಿಂದ ಇಳಿಸಬೇಡಿ. ಆ್ಯಪ್ ಒಳಗೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ, ಫೋನ್ ಮತ್ತೆ ನೆಟ್‌ವರ್ಕ್‌ಗೆ ಬಂದಾಗ ನೀವು ಕೇಳಿದ್ದು ಲೆಕ್ಕಕ್ಕೆ ಸೇರುತ್ತದೆ.

ಯೂಟ್ಯೂಬ್‌ನಲ್ಲಿ ಸ್ವಂತ ಚಾನೆಲ್ ಮಾಡಲೇ, ದೊಡ್ಡ ಚಾನೆಲ್‌ಗೆ ಕೊಡಲೇ?

ಎರಡೂ ಮಾಡಬಹುದು. ಸ್ವಂತ ಚಾನೆಲ್‌ಗೆ ಜಾಹೀರಾತಿನ ದುಡ್ಡು ಬರಲು 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಆಮೇಲೆ ಉದ್ದದ ವಿಡಿಯೋದ ಜಾಹೀರಾತಿನಲ್ಲಿ ನೂರಕ್ಕೆ 55 ಚಾನೆಲ್‌ನವರಿಗೆ. ದೊಡ್ಡ ಚಾನೆಲ್‌ಗೆ ಕೊಟ್ಟರೆ ಜನ ಬೇಗ ನೋಡುತ್ತಾರೆ, ನಿಜ. ಆದರೆ ಪಾಲಿಗೆ ಕೊಡಿ, ಮಾರಬೇಡಿ. ಎರಡು ವರ್ಷಕ್ಕೆ, ಯೂಟ್ಯೂಬ್‌ಗೆ ಮಾತ್ರ, ಬಂದದ್ದರಲ್ಲಿ ಅರ್ಧ, ಮೂರು ತಿಂಗಳಿಗೊಮ್ಮೆ ಲೆಕ್ಕ ತೋರಿಸಬೇಕು ಎಂದು ಬರೆಸಿ. "ಶಾಶ್ವತ", "ವಿಶ್ವದಾದ್ಯಂತ", "ಎಲ್ಲ ಮಾಧ್ಯಮ" ಎಂಬ ಮೂರು ಮಾತು ಕಂಡರೆ ಪೆನ್ನು ಕೆಳಗಿಡಿ.

ಶರೀಫಜ್ಜನ ಪದ, ಕನಕದಾಸರ ಕೀರ್ತನೆ, ಬೇಂದ್ರೆಯವರ ಕವಿತೆ ಹಾಡಿದರೆ ಯಾರಿಗಾದರೂ ದುಡ್ಡು ಕೊಡಬೇಕೇ?

ಬರೆದವರು ತೀರಿಕೊಂಡ ವರ್ಷದ ಮೇಲೆ 60 ವರ್ಷ ಸಾಹಿತ್ಯದ ಹಕ್ಕು ಇರುತ್ತದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ, ಕನಕದಾಸರ ಪದ, ವಚನಗಳು ಎಲ್ಲರವು. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಹಾಗಾಗಿ 2041ರ ಕೊನೆಯವರೆಗೆ ಹಕ್ಕು ಅವರ ವಾರಸುದಾರರದು. ಅನುಮತಿ ಪಡೆಯಬೇಕು.

ಜನ ತಪ್ಪು ಮಾಡುವುದು ಧಾಟಿಯಲ್ಲಿ. ಶರೀಫರ ಪದ ಎಲ್ಲರದ್ದು. ಆದರೆ ಅದಕ್ಕೆ ನಲವತ್ತು ವರ್ಷದ ಹಿಂದೆ ಒಬ್ಬ ಸಂಗೀತ ನಿರ್ದೇಶಕರು ಹೊಸ ಧಾಟಿ ಕಟ್ಟಿದ್ದರೆ ಆ ಧಾಟಿ ಅವರದು. ಶಿಗ್ಗಾವಿ ಕಡೆಯ ಭಜನೆಯಲ್ಲಿ ಹಿಂದಿನಿಂದ ಬಂದ ಮಟ್ಟಿನಲ್ಲಿ ಹಾಡಿದರೆ ತೊಂದರೆ ಇಲ್ಲ. ರಾಗಕ್ಕೆ ಯಾರೂ ಮಾಲೀಕರಲ್ಲ.

ಯಾವ ಸಂಘಕ್ಕೆ ಸೇರಬೇಕು?

ರಾಯಧನ ವಸೂಲಿ ಮಾಡಿಕೊಡುವ ಸಂಘಗಳಿವೆ. ಸಾಹಿತ್ಯ ಬರೆಯುವವರು, ಧಾಟಿ ಕಟ್ಟುವವರು ಐಪಿಆರ್‌ಎಸ್‌ಗೆ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ). 1969ರಲ್ಲಿ ಶುರುವಾದದ್ದು, ಕಚೇರಿ ಮುಂಬೈನಲ್ಲಿದೆ. ಹಾಡುವವರಿಗೆ 2013ರಲ್ಲಿ ನೋಂದಣಿಯಾದ ಇಸ್ರಾ (ಇಂಡಿಯನ್ ಸಿಂಗರ್ಸ್ ರೈಟ್ಸ್ ಅಸೋಸಿಯೇಷನ್) ಇದೆ. ಅದು ಈಗ ವಾದ್ಯಗಾರರನ್ನೂ ಸೇರಿಸಿಕೊಂಡು ಇಸಾಮ್ರಾ ಆಗಿದೆ. ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ, ನಿಮ್ಮ ಹಾಡುಗಳ ಪಟ್ಟಿ ಸಿದ್ಧ ಇಟ್ಟುಕೊಳ್ಳಿ. ಸದಸ್ಯರಾದರೆ ಮುಗಿಯಲಿಲ್ಲ, ಪ್ರತಿ ಹೊಸ ಹಾಡನ್ನೂ ಪಟ್ಟಿಗೆ ಸೇರಿಸುತ್ತಿರಬೇಕು.

ಮದುವೆಯಲ್ಲಿ, ಗಣೇಶನ ಹಬ್ಬದಲ್ಲಿ ಬೇರೆಯವರ ಹಾಡು ಹಾಡಿದರೆ?

ನಿಜವಾದ ಧಾರ್ಮಿಕ ಕಾರ್ಯಕ್ಕೆ, ಮದುವೆ ಮತ್ತು ಮದುವೆ ಮೆರವಣಿಗೆಗೆ ಕಾನೂನಿನಲ್ಲೇ ವಿನಾಯಿತಿ ಇದೆ. ಟಿಕೆಟ್ ಇಟ್ಟು ಮಾಡುವ ಆರ್ಕೆಸ್ಟ್ರಾಕ್ಕೆ ಇಲ್ಲ, ಸಂಘಟಕರು ಪರವಾನಗಿ ತೆಗೆದುಕೊಳ್ಳಬೇಕು. ಆ ದುಡ್ಡು ಹೋಗುವುದು ಹಾಡು ಬರೆದವರಿಗೆ, ಹಾಗಾಗಿ ಅದನ್ನು ದಂಡ ಎಂದುಕೊಳ್ಳಬೇಡಿ. ಸಂಚಕಾರ ಹಿಡಿಯುವಾಗಲೇ ಪರವಾನಗಿ ಯಾರ ಹೊಣೆ ಎಂದು ಕೇಳಿಬಿಡಿ.

ನಮ್ಮ ಅಜ್ಜಿ ಬೀಸುವ ಕಲ್ಲಿನ ಪದ ಹಾಡುತ್ತಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹಾಕಿದರೆ ದುಡ್ಡು ಯಾರಿಗೆ?

ಪದ ಯಾರದೂ ಅಲ್ಲ, ಎಲ್ಲರದು. ಆದರೆ ಆ ದನಿ ಅಜ್ಜಿಯದು. ಆ ದಿನ ಹಾಡಿದ್ದಕ್ಕೆ ಪ್ರದರ್ಶಕರ ಹಕ್ಕು ಅಜ್ಜಿಗೇ ಇದೆ. ಮೊಬೈಲ್ ಹಿಡಿದವರಿಗೆ ರೆಕಾರ್ಡಿಂಗ್‌ನ ಹಕ್ಕು ಇರಬಹುದು, ಅಜ್ಜಿಯನ್ನು ಕೇಳದೆ ಹಾಕುವ ಹಕ್ಕು ಇಲ್ಲ.

ಹಾವೇರಿ ತಾಲೂಕಿನ ಒಂದು ಹಳ್ಳಿಗೆ ಇದೇ ಕೆಲಸಕ್ಕೆ ಹೋಗಿದ್ದೆ. ಮೊಮ್ಮಗ ಕರೆದಿದ್ದ, ಚಾನೆಲ್ ಅವನದೇ. ಅಜ್ಜಿಗೆ ಎಂಬತ್ತು ದಾಟಿದೆ. ಸುಮ್ಮನೆ ಕೂತು ಹಾಡಿ ಅಂದರೆ ಪದ ನೆನಪಾಗಲಿಲ್ಲ. ಮೂಲೆಯಲ್ಲಿದ್ದ ಬೀಸುವ ಕಲ್ಲು ಎಳೆದುಕೊಂಡು, ಗೂಟ ಹಿಡಿದು, ಒಂದು ಹಿಡಿ ಜೋಳ ಹಾಕಿದರು. ಕಲ್ಲು ತಿರುಗಿದ ಕೂಡಲೇ ಒಂದರ ಹಿಂದೆ ಒಂದು ತ್ರಿಪದಿ ಬಂದವು, ಮೂವತ್ತಾರು. ಕಲ್ಲಿನ ಸದ್ದು ತೆಗೆಯಲು ಹೋಗಲಿಲ್ಲ, ಅದೇ ತಾಳ.

ಅವತ್ತೊಂದು ದಿನ ನನ್ನ ನಿಯಮ ತಪ್ಪಿತು, ಮುಗಿದ ಮೇಲೆ ಹಾಳೆ ತೆಗೆದೆ. ಅಜ್ಜಿಗೆ ಅರ್ಧ, ಮೊಮ್ಮಗನಿಗೆ ಅರ್ಧ ಎಂದು ಬರೆದೆವು. ಅಜ್ಜಿ ಕೇಳಿದರು, "ಇದಕ್ಕ್ಯಾಕ ಕಾಗದಾ, ನಮ್ಮವ್ವ ಹಾಡತಿದ್ಲು, ನಾ ಹಾಡೀನಿ." ಮೊಮ್ಮಗ ಹೇಳಿದ, "ಇರ್ಲಿ ಬಿಡಬೇ, ನಿನ್ನ ಹೆಸರು ಇರಬೇಕದ." ಅವರು ಕೈಗೆ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದರು. ವಿಡಿಯೋದ ಮೊದಲ ಸಾಲಿನಲ್ಲಿ ಅವರ ಹೆಸರು, ಅವರ ತಾಯಿಯ ಹೆಸರು, ಊರಿನ ಹೆಸರು ಇವೆ. ಯೂಟ್ಯೂಬ್‌ನವರು ದುಡ್ಡು ಕಳಿಸಲು 100 ಡಾಲರ್ ಕೂಡಬೇಕು. ಇನ್ನೂ ಅಷ್ಟು ಆಗಿಲ್ಲ. ತಿಂಗಳ ಕೊನೆಗೆ ಮೊಮ್ಮಗ ಫೋನ್ ಮಾಡಿ ಎಷ್ಟಾಯಿತು ಎಂದು ಹೇಳುತ್ತಾನೆ, ಅದನ್ನು ಅಜ್ಜಿಯ ಹೆಸರಿನ ಹಾಳೆಯ ಹಿಂದೆ ಬರೆದಿಡುತ್ತೇನೆ.